ಹೊಸ್ತಿಲಿಗೆ ಹಾಕಿದ ನೀರು

ಎನ್ಸ್‌ಕೆಡೆ
20 ಡಿಸೆಂಬರ್ 2020, ಭಾನುವಾರ

ಅಮ್ಮಿಗೆ ವಾಜಿದಾಳ ಸಲಾಂ.

ಈಗ ಸಂಜೆ ನಾಲ್ಕೂವರೆ. ದೀಪ ಹಾಕಿಕೊಂಡು ಕೂತಿದ್ದೇನೆ. ಬೆಳಿಗ್ಗೆ ಅಲೀಝಾಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಮಧ್ಯಾಹ್ನ ಹುಣಸೆ ಹುಳಿ ಬಿಟ್ಟು ಬೇಳೆ ಸಾರು ಮಾಡಿದೆ. ಆಮೇಲೆ ಕತ್ತಲಾಯಿತು. ಇವತ್ತಿಗೆ ಇಷ್ಟೇ.

ಫೋನಿನಲ್ಲಿ ಮೊಮ್ಮಗಳ ಜೊತೆ ಅಷ್ಟು ಹೊತ್ತು ನಗುತ್ತೀರಿ. ನನ್ನ ಸರದಿ ಬಂದರೆ ನೀವು "ಊಟ ಆಯ್ತಾ" ಅನ್ನುತ್ತೀರಿ, ನಾನು "ಆಯ್ತು, ನಿಮ್ದು" ಅನ್ನುತ್ತೇನೆ. ಅಲ್ಲಿಗೆ ಇಬ್ಬರ ಮಾತೂ ಮುಗಿಯುತ್ತದೆ. ಹಸೀಬ್ ತೀರಿಹೋದ ಮೇಲೆ ನಾವು ಅತ್ತೆ ಸೊಸೆ ಹೀಗೇ ಆಗಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದುವಾದರೂ ಬರೆಯಲು ನಮ್ಮಿಬ್ಬರಿಗೂ ಬರುವುದು ಕನ್ನಡ ಒಂದೇ. ನಾನು ಏಳನೇ ಕ್ಲಾಸು, ನೀವು ಐದು. ತಪ್ಪು ಇದ್ದರೆ ನೋಡಿಯೂ ನೋಡದ ಹಾಗೆ ಓದಿ.

ಹೋದ ವರ್ಷ ನಾವು ಬಂದಾಗ ಚಳಿಗಾಲ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಬರೀ ಸೋನೆಮಳೆ. ಇದೇ ಹಾಲೆಂಡಿನ ಚಳಿಯಾ ಎಂದು ಹಸೀಬ್ ನಗುತ್ತಿದ್ದರು. ಈ ವರ್ಷ ಹಾಗಲ್ಲ. ಮಗಳನ್ನು ಶಾಲೆಗೆ ಬಿಡುವಾಗಲೂ ಕತ್ತಲೆ, ಕೆಲಸದಿಂದ ಬರುವಾಗಲೂ ಕತ್ತಲೆ. ಈ ವಾರದಿಂದ ಕೊರೊನಾ ಎಂದು ಶಾಲೆ, ಅಂಗಡಿ ಎಲ್ಲ ಮತ್ತೆ ಮುಚ್ಚಿವೆ. ನನಗೆ ಕೆಲಸ ಇದೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಗೆ ಅಕ್ಟೋಬರಿನಿಂದ ಹೋಗುತ್ತಿದ್ದೇನೆ. ನಿಮಗೆ ಹೇಳಿರಲಿಲ್ಲ. ನಮ್ಮಂಥವರ ಮಕ್ಕಳನ್ನು ಮಾತ್ರ ಶಾಲೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಬಳೆ ಇಲ್ಲದ ಕೈ, ಕೆಲಸಕ್ಕೆ ಅನುಕೂಲವೇ ಆಗಿದೆ.

ಒಂದು ವಿಚಿತ್ರ ಹೇಳುತ್ತೇನೆ. ಇಲ್ಲಿಯವರು ಕಿಟಕಿಗೆ ಪರದೆ ಎಳೆಯುವುದೇ ಇಲ್ಲ. ದೀಪ ಹಾಕಿಕೊಂಡು, ಉಣ್ಣುವುದು, ಟೀವಿ ನೋಡುವುದು ಎಲ್ಲ ಬೀದಿಗೆ ಕಾಣುವ ಹಾಗೆ ಕೂರುತ್ತಾರೆ. ಬೀದಿಯಲ್ಲಿ ಪರದೆ ಎಳೆಯುವವಳು ನಾನೊಬ್ಬಳೇ. ಅವರು ಎಲ್ಲರೂ ಎಳೆದದ್ದನ್ನು ಒಂದೇ ಒಂದು ದಿನ ನೋಡಿದ್ದೇನೆ. ಅದು ಈಗ ಬೇಡ.

ನಿಮ್ಮ ಮಂಡಿನೋವು ಹೇಗಿದೆ? ಅಂಗಡಿಗೆ ಒಬ್ಬರೇ ಹೋಗುತ್ತೀರಾ?

ನಿಮ್ಮ
ವಾಜಿದಾ


ತಿಪಟೂರು
11 ಜನವರಿ 2021

ವಾಜಿದಾ ಬೇಟಿಗೆ ಅಮ್ಮಿಯ ದುವಾ.

ಅಕ್ಷರ ನೋಡಿ ಹೆದರಬೇಡ. ನನ್ನ ಕಣ್ಣಿಗೆ ಮಂಜು ಬಂದಿದೆ, ಗೊತ್ತಿರೋ ಹುಡುಗಿ ಒಬ್ಬಳ ಕೈಯಲ್ಲಿ ಬರೆಸ್ತಾ ಇದೀನಿ. ನಾನು ಹೇಳಿದ್ದು ಹೇಳಿದ ಹಾಗೇ ಬರೀತಾಳೆ. ನಾನು ಕೆಮ್ಮಿದರೆ ಅದನ್ನೂ ಬರೀಬೇಕಾ ಅಂತ ಕೇಳ್ತಾಳೆ.

ನಿನ್ನ ಕಾಗದ ಓದಿಸಿ ಕೇಳಿದ ದಿನ ನನಗೆ ಅನ್ನ ಇಳೀಲಿಲ್ಲ. ಆ ಚಳೀಲಿ, ಆ ಕತ್ತಲೇಲಿ, ಊರವರ ಬಟ್ಟೆ ಒಗೆಯೋ ಹಣೆಬರಹ ನನ್ನ ಸೊಸೆಗೆ ಬಂತಾ? ಅದೂ ಆಸ್ಪತ್ರೆ ಬಟ್ಟೆ! ತಣ್ಣೀರಲ್ಲಿ ಕೈ ಒಡೆದು ಹೋಗಿರುತ್ತೆ. ನನ್ನ ಅಂಗಡಿಯಲ್ಲಿ ಬಳೆ ಜೋಡಿಸ್ಕೊಂಡು ರಾಣಿ ಥರ ಕೂತಿದ್ದವಳು ನೀನು. ಕೆರೆಯಲ್ಲಿ ಒಗೀತೀರೋ ಮನೆಯಲ್ಲಿ ಒಗೀತೀರೋ ಅದನ್ನೂ ಬರೆದಿಲ್ಲ. ಬರೆಯೋಕೆ ನಾಚಿಕೆ ಆಯ್ತಾ?

ಸಾಕು. ಏಪ್ರಿಲ್‌ಗೆ ರಂಜಾನ್ ಬರುತ್ತೆ. ಅಷ್ಟರಲ್ಲಿ ವಿಮಾನ ಇದ್ದರೆ ಮಗೂನ ಕರ್ಕೊಂಡು ಬಂದುಬಿಡು. ನಾನೊಬ್ಬಳೇ ಈ ಮನೇಲಿ ಗೋಡೆ ನೋಡ್ಕೊಂಡು ಕೂತಿದೀನಿ. ಹಸೀಬನ ಕೋಣೆ ಹೇಗಿತ್ತೋ ಹಾಗೇ ಇದೆ, ಒಂದು ಚಾಪೆ ಕೂಡ ಅತ್ತಿತ್ತ ಆಗಿಲ್ಲ.

ಬರೆಯೋ ಹುಡುಗಿ ನಗ್ತಾ ಇದಾಳೆ. ಯಾಕೆ ಅಂದರೆ ಹೇಳಲ್ಲ. ಅದನ್ನೂ ಬರೆದುಬಿಟ್ಟಳು ನೋಡು.

ಮದುವೆಗಳು ಕಡಿಮೆ, ಬಳೆ ಕೇಳೋರು ಕಡಿಮೆ. ಆದರೂ ಅಂಗಡಿ ಬಾಗಿಲು ದಿನಾ ತೆಗೀತೀನಿ. ಮಂಡಿ ಇದೆ, ನೋವೂ ಇದೆ.

ಖಾತೂನ್ ಬೀ


ಎನ್ಸ್‌ಕೆಡೆ
1 ಫೆಬ್ರವರಿ 2021

ಅಮ್ಮಿಗೆ ಸಲಾಂ.

ಈಗ ಸಂಜೆ ಆರು. ಇವತ್ತು ಲಾಂಡ್ರಿಯಲ್ಲಿ ಒಂದು ಯಂತ್ರ ಕೆಟ್ಟು, ನಾವೆಲ್ಲ ಕೂತು ಕಾಫಿ ಕುಡಿದೆವು. ಬಂದು ರೊಟ್ಟಿ ತಟ್ಟಿದೆ. ಅಲೀಝಾ ಚಿತ್ರ ಬರೆಯುತ್ತಿದ್ದಾಳೆ.

ಅಮ್ಮೀ, ಇಲ್ಲಿ ಕೆರೆಯಲ್ಲಿ ಯಾರೂ ಒಗೆಯುವುದಿಲ್ಲ! ನನ್ನ ಕೈ ನೀರಿಗೆ ತಾಕುವುದೇ ಇಲ್ಲ. ನಮ್ಮ ಮನೆಯಷ್ಟು ದೊಡ್ಡ ಯಂತ್ರಗಳಿವೆ. ಒಗೆದು, ಒಣಗಿಸಿ, ಇಸ್ತ್ರಿಯಾಗಿ ಬರುವ ಚಾದರಗಳನ್ನು ಮಡಿಸುವುದು ನನ್ನ ಕೆಲಸ. ಜೊತೆಗೆ ಟರ್ಕಿಯವಳೊಬ್ಬಳಿದ್ದಾಳೆ. ಅವಳು ಆ ಕಡೆಯ ಎರಡು ಮೂಲೆ ಹಿಡಿಯುತ್ತಾಳೆ, ನಾನು ಈ ಕಡೆಯ ಎರಡು. ಚಾದರ ಬಿಸಿಯಾಗಿ ಬರುತ್ತದೆ. ಹೊರಗೆ ಆ ಚಳಿ ತಿಂದು ಬಂದವಳಿಗೆ ಮೊದಲ ಚಾದರ ಕೈಗೆ ಬಂದಾಗ ಆಗುವ ಸುಖವನ್ನು ಬರೆಯಲು ನನಗೆ ಬರುವುದಿಲ್ಲ. ಮೊದಲನೆಯದನ್ನು ಇಬ್ಬರೂ ಒಂದು ಗಳಿಗೆ ಎದೆಗೆ ಒತ್ತಿಕೊಂಡು ಆಮೇಲೆ ಮಡಿಸುತ್ತೇವೆ. ಮೇಲಿನವರು ನೋಡಿಯೂ ಏನೂ ಅನ್ನುವುದಿಲ್ಲ.

ಈಗ ರಾತ್ರಿ ಒಂಬತ್ತರ ಮೇಲೆ ಯಾರೂ ಹೊರಗೆ ಹೋಗುವಂತಿಲ್ಲ. ಒಂದು ಮನೆಗೆ ದಿನಕ್ಕೆ ಒಬ್ಬರೇ ಬರಬಹುದೆಂದು ಕಾನೂನು. ನಮ್ಮ ಮನೆಗೆ ಆ ಒಬ್ಬರೂ ಬರುವುದಿಲ್ಲ, ಹಾಗಾಗಿ ಕಾನೂನು ಮುರಿಯುವ ಭಯವಿಲ್ಲ. ಪಕ್ಕದ ಮನೆಯ ರೀಟ್ ಎಂಬ ಮುದುಕಿ ಮಾತ್ರ ಕಿಟಕಿಯಿಂದ ಅಲೀಝಾಗೆ ಕೈಬೀಸುತ್ತಾರೆ. ನನಗೂ ಬೀಸುತ್ತಾರೆ. ನಾನು ತಲೆ ಆಡಿಸಿ ಒಳಗೆ ಬರುತ್ತೇನೆ.

ನೀವು ಕರೆದಿದ್ದೀರಿ. ನೀವೊಬ್ಬರೇ ಇದ್ದೀರಿ. ನಾನು ಬರುತ್ತೇನೆ. ಇಲ್ಲಿಯ ಕಾಗದಪತ್ರ ನೋಡಿಕೊಂಡು ರಂಜಾನ್ ಒಳಗೆ ಹೊರಡುತ್ತೇವೆ. ಕೋಣೆ ಹಾಗೇ ಇಟ್ಟಿದ್ದೀರೆಂದು ಓದಿ ನನಗೆ ಏನೇನೋ ಆಯಿತು.

ವಾಜಿದಾ


ಎನ್ಸ್‌ಕೆಡೆ
13 ಫೆಬ್ರವರಿ 2021, ಶನಿವಾರ

ಅಮ್ಮಿಗೆ ಸಲಾಂ.

ಬೆಳಿಗ್ಗೆ ಹನ್ನೊಂದು. ಇವತ್ತು ಇನ್ನೂ ಬಾಗಿಲು ತೆಗೆದಿಲ್ಲ. ಪರದೆಯನ್ನೂ ತೆಗೆದಿಲ್ಲ. ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳಬೇಕು.

ಹೋದ ಭಾನುವಾರ ಹಿಮ ಬಿತ್ತು. ಬೆಳಿಗ್ಗೆ ಎದ್ದರೆ ಬೀದಿಯೇ ಇಲ್ಲ, ಬರೀ ಬಿಳುಪು. ಅಲೀಝಾ ಕುಣಿದಳು. ಇಲ್ಲಿ ಅವರವರ ಮನೆ ಮುಂದಿನ ಫುಟ್‌ಪಾತನ್ನು ಅವರವರೇ ಗುಡಿಸಬೇಕು. ನಾನೂ ಗುಡಿಸಿದೆ. ವಾರವಿಡೀ ಬಿಸಿಲು, ಆದರೂ ಕರಗುವುದಿಲ್ಲ, ಅಂಥ ಚಳಿ. ಕೊಳಗಳೆಲ್ಲ ಗಟ್ಟಿಯಾಗಿ, ಊರಿಗೆ ಊರೇ ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ನೀರಿನ ಮೇಲೆ ಜಾರುತ್ತಿದೆ. ಜನ ಹೀಗೆ ನಕ್ಕಿದ್ದನ್ನು ಈ ವರ್ಷದಲ್ಲಿ ನಾನು ನೋಡಿರಲಿಲ್ಲ.

ನಿನ್ನೆ ಜುಮ್ಮಾ. ಕೆಲಸಕ್ಕೆ ರಜೆ ಇತ್ತು. ಬಾಗಿಲ ಮುಂದೆ ತುಳಿದು ತುಳಿದು ಗಟ್ಟಿಯಾದ ಹಿಮ, ಅದರ ಮೇಲೆ ಬೂಟಿನ ಕೆಸರು. ಜುಮ್ಮಾ ದಿನ ಹೊಸ್ತಿಲು ಹೀಗಿರಬಾರದು ಎನ್ನಿಸಿತು. ನಿಮ್ಮ ಮನೆಗೆ ಬಂದ ಮಾರನೆಯ ದಿನದಿಂದ ನೀವು ಮಾಡಿಸಿದ ಅಭ್ಯಾಸ. ಒಂದು ಬಕೆಟ್ ನೀರು ಕಾಯಿಸಿದೆ. ಬಿಸಿನೀರಾದರೆ ಗಡ್ಡೆಯೂ ಕರಗುತ್ತದೆ, ತೊಳೆದ ಹಾಗೂ ಆಗುತ್ತದೆ ಎಂದುಕೊಂಡೆ. ಹೊಸ್ತಿಲಿಂದ ರಸ್ತೆಯವರೆಗೆ ಹುಯ್ದು, ಪೊರಕೆಯಲ್ಲಿ ಚೆನ್ನಾಗಿ ತಿಕ್ಕಿದೆ. ಹಬೆ ಎದ್ದಿತು. ತೊಳೆದ ಕಲ್ಲು ಕಪ್ಪಗೆ ಹೊಳೆಯಿತು. ಖುಷಿಯಾಗಿ ಒಳಗೆ ಬಂದು ಲೋಬಾನದ ಧೂಪ ಹಾಕಿದೆ.

ಆ ಹೊಳಪು ನೀರಿನದಲ್ಲ ಅಮ್ಮೀ, ಗಾಜಿನದು. ನಾನು ಬೆನ್ನು ತಿರುಗಿಸುವುದರಲ್ಲಿ ಅದು ಗಡ್ಡೆಯಾಗಿತ್ತು.

ರೀಟ್ ಬಿದ್ದ ಸದ್ದು ಕೇಳಿ ಓಡಿದೆ. ಅವರು ನಮ್ಮ ಬಾಗಿಲಿಗೇ ಬರುತ್ತಿದ್ದರು. ಕೈಯಲ್ಲಿದ್ದದ್ದು ಅವರ ಮಗಳು ಚಿಕ್ಕವಳಿದ್ದಾಗ ಹಾಕಿಕೊಳ್ಳುತ್ತಿದ್ದ ಆ ಜಾರುವ ಬೂಟುಗಳು. ಅಲೀಝಾಗೆ ಕೊಡಲೆಂದು ತಂದದ್ದು. ಎಪ್ಪತ್ತೆಂಟು ವರ್ಷದ ಹೆಂಗಸು ನಮ್ಮ ಹೊಸ್ತಿಲ ಮುಂದೆ ಅಂಗಾತ ಬಿದ್ದಿದ್ದರು. ಎದುರು ಮನೆಯವರು ಓಡಿಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಗಡ್ಡೆ ಕರಗಲೆಂದು ನಮ್ಮ ಬಾಗಿಲ ಮುಂದೆಲ್ಲ ಉಪ್ಪು ಎರಚಿದರು. ನನ್ನ ಕಡೆ ನೋಡಿ ಏನೋ ಅಂದರು, ಅರ್ಥವಾಗಲಿಲ್ಲ. ಬಕೆಟ್ ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು.

ಬಲಗೈ ಮಣಿಕಟ್ಟು ಮುರಿದಿದೆಯಂತೆ. ಸಂಜೆ ಅಲೀಝಾ ಕಿಟಕಿಯಿಂದ ನೋಡಿ ಹೇಳಿದಳು, "ಅಮ್ಮೀ, ಓಮಾ ರೀಟ್ ಕೈ ಪೂರಾ ವೈಟ್ ಆಗಿದೆ." ಓಮಾ ಎಂದರೆ ಇಲ್ಲಿ ಅಜ್ಜಿ.

ಈ ಬೀದಿ ನಮ್ಮನ್ನು ಮೊದಲೇ ದೂರ ಇಟ್ಟಿತ್ತು. ಈಗ ಕಾರಣವನ್ನೂ ಕೊಟ್ಟೆ. ಏಪ್ರಿಲ್‌ನಲ್ಲಿ ಬರುವುದೇ ಸರಿ.

ವಾಜಿದಾ


ಎನ್ಸ್‌ಕೆಡೆ
21 ಫೆಬ್ರವರಿ 2021, ಭಾನುವಾರ

ಅಮ್ಮಿಗೆ ಸಲಾಂ.

ಮಧ್ಯಾಹ್ನ ಮೂರು. ಹಿಮವೆಲ್ಲ ಕರಗಿ ಹೋಗಿದೆ, ಇವತ್ತು ಸ್ವೆಟರ್ ಕೂಡ ಬೇಕಾಗಿಲ್ಲ. ಬೆಳಿಗ್ಗೆ ರೀಟ್ ಅವರ ಮನೆಗೆ ಹೋಗಿ ಆಲೂಗಡ್ಡೆ ಸುಲಿದು ಬಂದೆ. ಹೌದು, ನಾನೇ.

ಹೋದ ಭಾನುವಾರ ಅವರೇ ಗೋಡೆಗೆ ಕುಟ್ಟಿ ಕರೆದರು. ಹೆದರಿಕೊಂಡು ಹೋದೆ. ಅಲೀಝಾಳನ್ನು ಮಾತಿಗೆ ಕರೆದುಕೊಂಡು ಹೋದೆ, ನನ್ನ ಡಚ್ ಭಾಷೆ ಅಂಗಡಿಗೆ ಸಾಕು, ಕ್ಷಮೆ ಕೇಳುವುದಕ್ಕೆ ಸಾಲದು. ಒಂದು ಗಳಿಗೆ ಅವರು ಮಾತಾಡಿದರು, ಇವಳು ನಗತೊಡಗಿದಳು.

"ಏನಂತೆ?"

"ಓಮಾಗೆ ಸಿಟ್ಟಿಲ್ಲ ಅಮ್ಮೀ. ಎಪ್ಪತ್ತೆಂಟು ವಿಂಟರಲ್ಲಿ ಬಿದ್ದಿಲ್ವಂತೆ, ನೀನು ಒಂದು ಬಕೆಟಲ್ಲಿ ಬೀಳಿಸಿದೆಯಂತೆ. ನಿಮ್ಮ ಅಮ್ಮ ತುಂಬಾ ಸ್ಟ್ರಾಂಗ್ ಅಂತ ಹೇಳ್ತಿದಾರೆ. ಮತ್ತೆ, ಪೊಟ್ಯಾಟೊ ಸುಲಿಯೋಕೆ ಆಗ್ತಿಲ್ವಂತೆ."

ಅವರ ಮಗಳು ಇರುವುದು ಮಾಸ್ಟ್ರಿಕ್ಟ್‌ನಲ್ಲಿ, ದೇಶದ ಆ ತುದಿ. ಅಲ್ಲಿಂದ ದಿನಾ ಬರಲಾಗುವುದಿಲ್ಲ. ದಿನಕ್ಕೆ ಒಬ್ಬರೇ ಬರಬಹುದಲ್ಲ, ಆ ಒಬ್ಬರು ನೀನೇ ಎಂದರು. ಈ ಪೂರ್ವದ ಸೀಮೆಯಲ್ಲಿ ನೋಬರ್ ಎಂಬ ಹಳೆಯ ಪದ್ಧತಿ ಇದೆಯಂತೆ. ಒತ್ತಿನ ಮನೆಯವರು ಬರೀ ನೆರೆಯವರಲ್ಲ, ಅವರಿಗೆ ಕರ್ತವ್ಯವಿದೆ. ಹೆರಿಗೆಗೆ, ಕಾಯಿಲೆಗೆ, ಸಾವಿಗೆ ನೆಂಟರಿಗಿಂತ ಮೊದಲು ಅವರು ಬರಬೇಕು. "ನಿನ್ನ ಗಂಡ ಹೋದಾಗ ನನಗೆ ಅದನ್ನು ಮಾಡುವುದಕ್ಕೆ ಬಿಡಲಿಲ್ಲ. ನಿಮ್ಮ ಮನೆಗೆ ಬರುವ ಹಾಗಿರಲಿಲ್ಲ. ಬೀದಿಯಲ್ಲಿ ಮನೆಮನೆಗೂ ಹೋಗಿ ಹೊರಗೆ ನಿಂತೇ ಹೇಳಿಬಂದೆ. ಎಲ್ಲರೂ ಪರದೆ ಎಳೆದರು. ನಮ್ಮ ಕೈಲಾದದ್ದು ಅಷ್ಟೇ" ಎಂದರು.

ಅಲೀಝಾಳ ಕೈಯಲ್ಲಿ ಎರಡು ಸಲ ಹೇಳಿಸಿದೆ.

ಈಗ ನಿಮಗೆ ಹೇಳಬಹುದು. ಹೋದ ಏಪ್ರಿಲ್‌ನಲ್ಲಿ ಹಸೀಬ್‌ರನ್ನು ಇಟ್ಟ ಗಾಡಿ ಕೊನೆಯ ಸಲ ನಮ್ಮ ಬೀದಿಯಲ್ಲಿ ಹಾದು ಹೋಯಿತು. ನಾನು ಹಿಂದಿನ ಗಾಡಿಯಲ್ಲಿದ್ದೆ. ಎಂದೂ ಪರದೆ ಎಳೆಯದ ಬೀದಿ, ಒಂದು ಮನೆ ಬಿಡದಂತೆ ಎಲ್ಲ ಕಿಟಕಿಗಳಿಗೂ ಪರದೆ. ಕಾಯಿಲೆಗೆ ಹೆದರಿದ್ದಾರೆ, ನಮ್ಮ ಮುಖ ನೋಡುವುದೂ ಬೇಡವಾಗಿದೆ ಎಂದುಕೊಂಡೆ. ಅದನ್ನು ಎದೆಯಲ್ಲಿಟ್ಟುಕೊಂಡೇ ಇಷ್ಟು ದಿನ ಈ ಬೀದಿಯಲ್ಲಿ ತಲೆ ತಗ್ಗಿಸಿ ನಡೆದೆ. ಇಲ್ಲಿ ಸಾವಾದರೆ ಪರದೆ ಎಳೆಯುವುದು ಮರ್ಯಾದೆಯಂತೆ ಅಮ್ಮೀ.

ಆಲೂಗಡ್ಡೆ ಸುಲಿಯುವಾಗ ಕಣ್ಣಲ್ಲಿ ನೀರು ಬಂತು. ರೀಟ್ ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಅದು ಈರುಳ್ಳಿಯಲ್ಲವಲ್ಲ ಎಂದರು.

ಒಂದು ಮಾತು. ಇವತ್ತು ಫೋನಿನಲ್ಲಿ ನಿಮ್ಮ ಹಿಂದೆ ಹಸೀಬ್ ಕೋಣೆಯಿಂದ ಯಾರೋ ಒಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ಬಂದರೆಂದು ಅಲೀಝಾ ಹೇಳುತ್ತಾಳೆ. ಯಾರು?

ವಾಜಿದಾ


ತಿಪಟೂರು
22 ಫೆಬ್ರವರಿ 2021

ವಾಜಿದಾಗೆ ದುವಾ.

ಒಂದನೇ ತಾರೀಕಿನ ಕಾಗದ ಬಂತು. ಬರ್ತೀನಿ ಅಂದಿದೀಯ. ಸಂತೋಷ. ಕೋಣೆಗೆ ಸುಣ್ಣ ಹೊಡೆಸ್ತೀನಿ. ಅಲೀಝಾಗೆ ಇಲ್ಲಿನ ಶಾಲೆ ವಿಚಾರಿಸ್ತೀನಿ.

ಬಿಸಿ ಚಾದರದ ವಿಷಯ ಬರೆದಿದ್ದನ್ನ ಇನ್ನೊಂದು ಸಲ ಓದಿಸಿದೆ.

ಬೇರೇನೂ ಬರೆಸೋಕೆ ತೋಚ್ತಾ ಇಲ್ಲ. ಹುಷಾರಾಗಿರು.

ಖಾತೂನ್ ಬೀ


ತಿಪಟೂರು
8 ಮಾರ್ಚ್ 2021

ವಾಜಿದಾ,

ಇದು ನನ್ನದೇ ಅಕ್ಷರ. ಸಾಲು ಸೊಟ್ಟ ಹೋಗಿದ್ದರೆ ನೀನೂ ಸೊಟ್ಟ ತಿರುಗಿ ಓದು. ಇದನ್ನು ಉಷಾ ಕೈಲಿ ಬರೆಸೋ ಹಾಗಿಲ್ಲ. ಉಷಾ ಅಂದರೆ ಟವೆಲ್ ಸುತ್ತಿಕೊಂಡು ಬಂದವಳು. ನಮ್ಮ ಸರ್ಕಾರಿ ಆಸ್ಪತ್ರೆ ನರ್ಸ್. ಕೊರೊನಾ ವಾರ್ಡಿನವಳು ಅಂತ ಯಾರೂ ಅವಳಿಗೆ ಮನೆ ಕೊಡಲಿಲ್ಲ. ಸೆಪ್ಟೆಂಬರಿನಿಂದ ಹಸೀಬನ ಕೋಣೇಲಿ ಇದಾಳೆ. ಗೋಡೆ ನೋಡ್ಕೊಂಡು ಕೂತಿದೀನಿ ಅಂತ ಬರೆಸಿದಾಗ ಅವಳು ನಕ್ಕಿದ್ದು ಅದಕ್ಕೇ. ನನ್ನ ಮಾತು ಕೇಳಿ ಕೇಳಿ ಅವಳ ಕಿವಿ ತೂತಾಗಿದೆಯಂತೆ. ನಿನಗೆ ಹೇಳೋಕೆ ಹೆದರಿದೆ. ಗಂಡನ ಕೋಣೆ ಬೇರೆಯವರಿಗೆ ಕೊಟ್ಟಳು ಅಂತ ನೊಂದ್ಕೋತೀಯ ಅಂದ್ಕೊಂಡೆ.

ಪರದೆ ಸಂಗತಿ ಓದಿಸಿ ಕೇಳಿದೆ. ಹುಚ್ಚಿ. ನಮ್ಮ ಬಜಾರಲ್ಲಿ ಜನಾಜಾ ಹೋದರೆ ಅಂಗಡಿಯವರು ಶಟರ್ ಅರ್ಧಕ್ಕೆ ಇಳಿಸಿ ನಿಲ್ಲಲ್ವಾ? ಶೆಟ್ಟರೂ ಇಳಿಸ್ತಾರೆ, ಸಾಬರೂ ಇಳಿಸ್ತಾರೆ. ನಿಮ್ಮ ಮಾವಂದು ಹೋದಾಗ ನೀನೇ ನೋಡಿದೀಯ. ಅದೇ ಇದು. ಅವರಿಗೆ ಶಟರ್ ಇಲ್ಲ, ಪರದೆ ಇತ್ತು. ನನ್ನ ಮಗನಿಗೆ ಒಂದು ಬೀದಿಯಾದರೂ ತಲೆ ಬಾಗಿಸ್ತು ಅಂತ ನನಗೆ ಈಗ ಗೊತ್ತಾಯ್ತು. ದಫನ್ ದಿನ ಫೋನಲ್ಲಿ ಬರೀ ಮಣ್ಣು ಕಂಡಿತ್ತು.

ಇನ್ನೊಂದು ನಿಜ. ನಾನು ಬಾ ಬಾ ಅಂದೆ. ನೀನು ಬರಬಾರದು ಅಂತಲೇ ನನ್ನ ಮನಸ್ಸು. ನೀನು ಬಂದುಬಿಟ್ಟರೆ ಅವನ ಹತ್ತಿರ ಆ ಚಳೀಲಿ ಯಾರೂ ಇರಲ್ಲ. ಮೊದಲ ದಿನದಿಂದ ಅದೇ ಹೊಟ್ಟೇಲಿತ್ತು. ಆದರೆ ಇನ್ನೂ ಸಣ್ಣ ವಯಸ್ಸಿನ ಹುಡುಗಿಗೆ ಗೋರಿ ಕಾಯ್ತಾ ಕೂರು ಅಂತ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ತಿರುಗಿಸಿ ಬಾ ಅಂದೆ. ನೀನು ಬರ್ತೀನಿ ಅಂದಾಗ ಎರಡು ದಿನ ಮಂಕಾಗಿದ್ದೆ, ಉಷಾನೇ ಗದರಿದಳು.

ಈಗ ಹೇಳ್ತೀನಿ. ನನಗೋಸ್ಕರ ಬರಬೇಡ. ಅವನಿಗೋಸ್ಕರ ಅಲ್ಲಿ ಇರಲೂಬೇಡ. ಆ ಬಿಸಿ ಚಾದರಕ್ಕೋಸ್ಕರ, ಆ ಅಜ್ಜಿಯ ಆಲೂಗಡ್ಡೆಗೋಸ್ಕರ ಇರೋದಾದರೆ ಇರು.

ಆ ಅಜ್ಜಿ ಕೈ ಮುರಿದಿದ್ದು ನಾನು ಕಲಿಸಿದ ನೀರಿಂದ. ಅರ್ಧ ತಪ್ಪು ನನ್ನದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಅಳತೆ ಕಳಿಸು. ಬೆರಳು ಕೂಡಿಸಿ ಗೆಣ್ಣಿನ ಮೇಲೆ ದಾರ ಸುತ್ತು, ಸಡಿಲ ಬಿಡಬೇಡ. ಗಾಜಿನ ಬಳೆ ಕಳಿಸ್ತೀನಿ.

ನಿನ್ನ ಅಳತೆ ನನಗೆ ಗೊತ್ತು. ನಿನಗೂ ಹಾಕ್ತೀನಿ, ಹಸಿರು. ಗಂಡ ಹೋದವಳು ಕೂರೋ ಇದ್ದತ್ ಮುಗಿದು ಕಾಲ ಆಯ್ತು. ಬರೀ ಕೈಯಲ್ಲಿ ಇರಬೇಡ. ಕೊಡ್ತಾ ಇರೋಳು ಅವನ ಅಮ್ಮ. ಯಾರೂ ಏನೂ ಅನ್ನೋ ಹಾಗಿಲ್ಲ.

ಅಮ್ಮಿ


ಎನ್ಸ್‌ಕೆಡೆ
25 ಮಾರ್ಚ್ 2021, ಗುರುವಾರ

ಅಮ್ಮಿಗೆ ವಾಜಿದಾಳ ಸಲಾಂ.

ಈಗ ಸಂಜೆ ಐದೂವರೆ, ಹೊರಗೆ ಇನ್ನೂ ಬಿಸಿಲಿದೆ. ಕೆಲಸ ಮುಗಿಸಿ ಬಂದು ನಿಮ್ಮ ಕಾಗದ ಇನ್ನೊಮ್ಮೆ ಓದಿದೆ. ಅದು ನಿನ್ನೆ ಬಂತು. ನಿನ್ನೆ ಬರೆಯಲು ಆಗಲಿಲ್ಲ.

ನಾನೂ ಒಂದು ಹೇಳಿರಲಿಲ್ಲ. ಇಲ್ಲಿ ನನ್ನ ಹೆಸರಿನಲ್ಲೇ ಐದು ವರ್ಷ ಇರಬಹುದೆಂದು ಸರ್ಕಾರದವರು ಜನವರಿಯಲ್ಲೇ ತಿಳಿಸಿದರು. ಅದನ್ನು ಓದಿದಾಗ ನನಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೇ ನಿಮಗೆ ಹೇಳಲಿಲ್ಲ. ನೀವು ಒಂಟಿಯಾಗಿ ಗೋಡೆ ನೋಡುತ್ತಿದ್ದೀರಿ ಎಂದುಕೊಂಡಿದ್ದೆ.

ನಾವು ಇಲ್ಲಿ ಇರುತ್ತೇವೆ ಅಮ್ಮೀ. ದಾರಿ ಸಲೀಸಾದಾಗ ಬಂದು ನಿಮ್ಮ ಜೊತೆ ಒಂದು ರಜಾ ಕಳೆಯುತ್ತೇವೆ. ಉಷಾ ಅವರಿಂದ ಕೋಣೆ ಬಿಡಿಸಬೇಡಿ. ನಾವು ನಿಮ್ಮ ಪಕ್ಕದಲ್ಲಿ ಚಾಪೆ ಹಾಕಿಕೊಳ್ಳುತ್ತೇವೆ. ಅಲೀಝಾ ಈಗ ನಿದ್ದೆಯಲ್ಲಿ ಡಚ್ ಮಾತಾಡುತ್ತಾಳೆ, ನಿಮಗೆ ಹೇಗೂ ಅರ್ಥವಾಗುವುದಿಲ್ಲ.

ಭಾನುವಾರ ಶಬೆ ಬರಾತ್, ತೀರಿಹೋದವರ ಗೋರಿಗೆ ಹೋಗುವ ರಾತ್ರಿ. ಹಗಲಿನಲ್ಲೇ ಹಸೀಬ್ ಹತ್ತಿರ ಹೋಗುತ್ತೇವೆ. ಅಲ್ಲಿಂದ ಫೋನ್ ಮಾಡುತ್ತೇನೆ. ಈ ಸಲ "ಊಟ ಆಯ್ತಾ" ಅಂತ ಕೇಳಬೇಡಿ. ಅಲ್ಲಿ ಹುಲ್ಲು ಬಂದಿದೆ, ಒಂದು ಹಕ್ಕಿ ಯಾವಾಗಲೂ ಕೂಗುತ್ತಿರುತ್ತದೆ, ಎಲ್ಲ ತೋರಿಸುತ್ತೇನೆ. ನಾನೇ ಮಾತಾಡುತ್ತೇನೆ.

ಬಳೆ ಬರುತ್ತದೆ ಎಂದು ರೀಟ್ ಅವರಿಗೆ ಹೇಳಿದೆ. ಮತ್ತೆ ಬಿದ್ದರೆ ಒಡೆಯುವುದಿಲ್ಲವೇ ಎಂದು ಕೇಳಿದರು. ನೀವು ಬೀಳುವ ಕಾಲ ಮುಗಿಯಿತು, ಈಗ ಬೇಸಿಗೆ ಎಂದೆ. ಡಚ್‌ನಲ್ಲೇ ಹೇಳಿದೆ, ಅಲೀಝಾ ಪಕ್ಕದಲ್ಲಿರಲಿಲ್ಲ.

ಕೆಲಸದಲ್ಲಿ ಬಳೆ ಬಿಚ್ಚಿಡಬೇಕಾಗುತ್ತದೆ. ಮನೆಗೆ ಬಂದು ಹಾಕಿಕೊಳ್ಳುತ್ತೇನೆ. ಹಸಿರೇ ಕಳಿಸಿ.

ಅಂದಹಾಗೆ, ಹದಿನೈದು ದಿನದಿಂದ ಮುಂಬಾಗಿಲ ಕಿಟಕಿಯ ಪರದೆ ಎಳೆದಿಲ್ಲ. ಈಗ ಬರೆಯುತ್ತಿರುವುದನ್ನೂ ಬೀದಿಯಲ್ಲಿ ಹೋಗುವವರು ನೋಡಿಕೊಂಡೇ ಹೋಗುತ್ತಿದ್ದಾರೆ.

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ರೀಟ್ ಅವರ ಕೈಯ ಪ್ಲಾಸ್ಟರ್ ಬಿಚ್ಚುತ್ತಾರೆ. ಜೊತೆಗೆ ನಾನು ಹೋಗುತ್ತಿದ್ದೇನೆ, ದಾರ ತೆಗೆದುಕೊಂಡು.

ನಿಮ್ಮ
ವಾಜಿದಾ